ಒಂದು ಕಾಲ್ಚೆಂಡು ತಂಡದ ವೃತ್ತಾಂತ

ಬೆಳಗಾವಿ ಜಿಲ್ಲೆಯ ಗಡಿಯಂಚಿನಲ್ಲಿರುವ ಬೋರಗಾಂವದಲ್ಲಿ ನನ್ನ ಬಾಲ್ಯ ಕಳೆಯಿತು. ಆಗ ಅದು ಚಿಕ್ಕೋಡಿ ತಾಲೂಕಿಗೆ ಸೇರಿತ್ತು; ಈಗ ನಿಪ್ಪಾಣಿ ತಾಲೂಕಿನಲ್ಲಿದೆ. ಊರಿನಿಂದ ಕೆಲವೇ ಮೈಲಿ ಹೋದರೆ ಮಹಾರಾಷ್ಟ್ರದ ಗಡಿ. ಅಂಬಾಬಾಯಿಯ ದರ್ಶನಕ್ಕೆ, ಮದುವೆಯ ಜವಳಿಗೆ, ಜಡ್ಡು ಬಲಿತರೆ ದೊಡ್ಡ ಡಾಕ್ಟರರಿಗೆ ತೋರಿಸುವುದಕ್ಕೆ, ನಮ್ಮವರು ಬಸ್ಸು ಹತ್ತುತ್ತಿದ್ದುದು ಕೊಲ್ಲಾಪುರಕ್ಕೆ. ಅಲ್ಲಿ ನನ್ನ ಸೋದರಮಾವ ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡಿದ್ದರು. ಹೀಗೊಮ್ಮೆ ಹೋದಾಗ ಅವರು ನನ್ನನ್ನು ಕಾಲ್ಚೆಂಡಿನ ಪಂದ್ಯಕ್ಕೆ ಕರೆದೊಯ್ದರು.

ಕುಸ್ತಿ, ಕಬಡ್ಡಿಗಳ ಹೊರತು ಬೇರೆ ಆಟವನ್ನು ಕಾಣದ ನನಗೆ ಅದೊಂದು ಹೊಸ ಲೋಕ. ಆದರೆ ಮಾವ ತಂಡಗಳ ಹೆಸರು ಹೇಳಿದಾಗ ಗೊಂದಲವಾಯಿತು. ಎಲ್ಲವೂ ತಾಲೀಮುಗಳೇ! ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲಬಹಾರ ತಾಲೀಮು. ತಾಲೀಮು ಎಂದರೆ ನಮ್ಮಲ್ಲಿ ಕೆಂಪು ಮಣ್ಣಿನ ಗರಡಿಮನೆ. ಅಲ್ಲಿ ಪೈಲವಾನರು ಸಾಮು ಮಾಡುತ್ತಾರೆ. ಕುಸ್ತಿಯ ಮನೆಗೂ ಕಾಲ್ಚೆಂಡಿಗೂ ಏನು ನಂಟು? ಶಾಹೂ ಮಹಾರಾಜರ ಕಾಲದಲ್ಲಿ ಕೊಲ್ಲಾಪುರ ಮಲ್ಲವಿದ್ಯೆಯ ರಾಜಧಾನಿಯಾಗಿತ್ತು. ಪೇಟೆಪೇಟೆಗೂ ಒಂದು ತಾಲೀಮು ಇತ್ತು. ಪೇಟೆಯ ತರುಣರು ಸಂಜೆ ಸೇರುವ ಸ್ಥಳ ಅದು. ಮುಂದೆ ಕಾಲ್ಚೆಂಡು ಬಂದಾಗ ಅದೇ ತರುಣರು, ಅದೇ ಮನೆಯ ಹೆಸರಿನಲ್ಲಿ, ಅದೇ ಪೇಟೆಯ ಮಾನಕ್ಕಾಗಿ ಚೆಂಡನ್ನು ಒದೆಯತೊಡಗಿದರು. ಮಣ್ಣು ಬದಲಾಯಿತು, ಹಟ ಬದಲಾಗಲಿಲ್ಲ. ಈ ಹಟ ಎಷ್ಟರದೆಂದರೆ, ಕೆಲವು ಪಂದ್ಯಗಳು ಮುಗಿದ ಮೇಲೆ ಪೋಲೀಸರು ಎರಡು ಪೇಟೆಗಳ ಜನರನ್ನು ಬೇರೆಬೇರೆ ದಾರಿಯಲ್ಲಿ ಮನೆಗೆ ಕಳಿಸಬೇಕಾಗುತ್ತದೆ.

ಅಂದು ಗೆದ್ದ ತಂಡದ ಹುಡುಗನೊಬ್ಬನನ್ನು ಜನ ಹೆಗಲ ಮೇಲೆ ಕೂರಿಸಿಕೊಂಡು ಹೊರಟಿದ್ದರು. ನಾನು ಕೇಳಿದೆ: “ಮಾಮಾ, ಇವರಿಗೆ ಪಗಾರ ಯಾರು ಕೊಡತಾರು?”

“ಪಗಾರ ಎಲ್ಲೀದು ತಮ್ಮಾ! ಪೇಟಿಯವರು ಹಾಲು ತತ್ತಿ ಕೊಡತಾರು, ಬೂಟು ಕೊಡಿಸತಾರು. ಗೋಲು ಹೊಡದ್ರ ಹಿಂಗ ಮೆರಿಸತಾರು.”

“ಮತ್ತ ಕಾಲು ಮುರದ್ರ?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುರದ್ರ ಮನ್ಯಾಗ ಕುಂಡರೂದು” ಎಂದರು.

ಆ ಸಂಜೆಯ ಪಂದ್ಯದಲ್ಲಿ ಎಷ್ಟು ಗೋಲುಗಳಾದವೆಂಬುದು ಮರೆತುಹೋಗಿದೆ. ಮಾವನ ಈ ಕಡೆಯ ಮಾತು ಮಾತ್ರ ಮರೆತಿಲ್ಲ. ಕಾಲ್ಚೆಂಡಿನ ಹಳೆಯ ಸಂಗತಿಗಳನ್ನು ಓದುವಾಗಲೆಲ್ಲ ಯಾರು ಗೆದ್ದರು, ಯಾರು ಸೋತರು ಎಂಬುದಕ್ಕಿಂತ, ಇವರ ಅನ್ನ ಎಲ್ಲಿಂದ ಬರುತ್ತಿತ್ತು ಎಂದು ಹುಡುಕುವುದೇ ನನಗೆ ಅಭ್ಯಾಸವಾಯಿತು. ಆ ಹುಡುಕಾಟದಲ್ಲಿ ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ನಮ್ಮದೇ ರಾಜಧಾನಿಯ ಒಂದು ತಂಡ. ಬೆಂಗಳೂರು ಮುಸ್ಲಿಮ್ಸ್ ಎಂದು ಅದರ ಹೆಸರು. ಒಂದು ಕಾಲಕ್ಕೆ ಕಲಕತ್ತೆಯವರೂ ಮುಂಬಯಿಯವರೂ ಗೌರವದಿಂದ ಎತ್ತಿ ಆಡುತ್ತಿದ್ದ ಈ ಹೆಸರನ್ನು ಇಂದು ಬೆಂಗಳೂರಿನಲ್ಲಿಯೇ ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ ಅರಿಯರು. ಇಂದಿನ ಮಾತು ಮುಖ್ಯವಾಗಿ ಈ ತಂಡವನ್ನು ಕುರಿತದ್ದು.

ಬೆಂಗಳೂರು ಎಂದು ಈಗ ನಾವು ಒಂದೇ ಉಸಿರಿನಲ್ಲಿ ಹೇಳುವ ನಗರ 1947ರವರೆಗೆ ಎರಡು ಊರುಗಳಾಗಿತ್ತು. ಒಂದು, ಮೈಸೂರು ಅರಸರ ಆಡಳಿತದಲ್ಲಿದ್ದ ಪೇಟೆ ಹಾಗೂ ಅದರ ಸುತ್ತಣ ಬಡಾವಣೆಗಳು. ಇನ್ನೊಂದು, ಬ್ರಿಟಿಷರ ನೇರ ಅಧಿಕಾರಕ್ಕೆ ಒಳಪಟ್ಟಿದ್ದ ದಂಡು ಪ್ರದೇಶ. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದಾಗಲೂ ಈ ದಂಡಿನ ಭಾಗವನ್ನು ಅವರು ತಮ್ಮ ಕೈಯಲ್ಲಿಯೇ ಇರಿಸಿಕೊಂಡರು. ಕಾಲ್ಚೆಂಡು ಇಳಿದದ್ದು ಈ ದಂಡಿನಲ್ಲಿ. ಗೋರಾ ರೆಜಿಮೆಂಟುಗಳ ಸಿಪಾಯಿಗಳು ಸಂಜೆ ಮೈದಾನದಲ್ಲಿ ಆಡುತ್ತಿದ್ದರು. ಅವರ ಅಡುಗೆ, ಬಟ್ಟೆ, ಕುದುರೆ, ಚರ್ಮದ ಕೆಲಸಗಳನ್ನು ಮಾಡುತ್ತಿದ್ದವರ ಮಕ್ಕಳು ಅಂಚಿನಲ್ಲಿ ನಿಂತು ನೋಡುತ್ತಿದ್ದರು. ನೋಡಿ ನೋಡಿ ಕಲಿತ ವಿದ್ಯೆ ಅದು. ಆ ಮಕ್ಕಳ ಮನೆಮಾತು ತಮಿಳು, ದಖನಿ ಉರ್ದು, ತೆಲುಗು, ಎಲ್ಲೋ ಸ್ವಲ್ಪ ಇಂಗ್ಲಿಷು. ನಮ್ಮ ಕನ್ನಡದ ಲೇಖಕರು ಅದೇ ಕಾಲದಲ್ಲಿ ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ, ಚಾಮರಾಜಪೇಟೆಯಲ್ಲಿ ಇದ್ದರು. ಮೂರು ನಾಲ್ಕು ಮೈಲಿಗಳ ಅಂತರ. ಆದರೂ ಆ ಮೈದಾನದ ಗದ್ದಲ ಈ ಕಡೆಗೆ ಕೇಳಿಸಿದಂತೆ ಕಾಣುವುದಿಲ್ಲ. ಕ್ರಿಕೆಟ್ಟಿನ ಬಗೆಗೆ ಕನ್ನಡದಲ್ಲಿ ಲಲಿತ ಪ್ರಬಂಧಗಳಿವೆ. ಕುಸ್ತಿಯ ಬಗೆಗೆ ಲಾವಣಿಗಳಿವೆ. ಕಾಲ್ಚೆಂಡಿನ ಪಾಲಿಗೆ ಬಂದದ್ದು ಬಲು ಕಡಿಮೆ. ಇದನ್ನು ದೂರೆಂದು ಹೇಳುತ್ತಿಲ್ಲ. ಇಂಥ ತಂಡ ಏಕೆ ಮರೆತುಹೋಯಿತೆಂಬುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ, ಅಷ್ಟೆ.

ತಂಡದ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಮತದ ಹೆಸರಿನ ಕ್ರೀಡಾಸಂಘ ಇಂದಿನ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಆ ಕಾಲದಲ್ಲಿ ಅದು ಸಾಮಾನ್ಯ ಸಂಗತಿ. ಮುಂಬಯಿಯ ಕ್ರಿಕೆಟ್ಟಿನಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ ತಂಡಗಳು ಒಂದಕ್ಕೊಂದು ಎದುರಾಗಿ ಆಡುತ್ತಿದ್ದವು. ಕಲಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಇತ್ತು, ಇಂದಿಗೂ ಇದೆ. ಕೊಲ್ಲಾಪುರದಲ್ಲಿ ಪೇಟೆ ಹೇಗೋ, ದಂಡಿನಲ್ಲಿ ಮೊಹಲ್ಲಾ ಹಾಗೆ. ಹುಡುಗರನ್ನು ಒಟ್ಟುಗೂಡಿಸಿ, ಚೆಂಡಿಗೆ ವಂತಿಗೆ ಎತ್ತಿ, ಮುಂಬಯಿಗೆ ರೈಲಿನ ಚಾರ್ಜು ಹೊಂದಿಸುವುದಕ್ಕೆ ಯಾವುದಾದರೊಂದು ಬಂಧುತ್ವ ಬೇಕಾಗಿತ್ತು. ಅಲ್ಲಿ ದೊರೆತದ್ದು ಇದು.

ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ದೇಶದ ಅತ್ಯಂತ ಹಳೆಯ ಪಂದ್ಯಾವಳಿಗಳಲ್ಲಿ ಅದೊಂದು. ಮೊದಲ ವರ್ಷ ಗೆದ್ದದ್ದು ವೂಸ್ಟರ್‌ಷೈರ್ ರೆಜಿಮೆಂಟು. ಅಲ್ಲಿಂದ ಮುಂದೆ ವರ್ಷ ವರ್ಷವೂ ಗೋರಾ ಪಲ್ಟಣಗಳೇ ಆ ಕಪ್ಪನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡವು. 1911ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದ ಕಥೆ ಎಲ್ಲರಿಗೂ ಗೊತ್ತಿದೆ. ಅದೇ ತಂಡ 1923ರಲ್ಲಿ ರೋವರ್ಸ್ ಕಪ್ಪಿನ ಅಂತಿಮ ಪಂದ್ಯಕ್ಕೂ ಬಂದಿತು; ಆದರೆ ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಎದುರು ಸೋತಿತು. ಹೀಗೆ ಮೋಹನ್ ಬಾಗಾನಿಗೂ ಸಿಗದಿದ್ದ ಈ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ, 1937ರಲ್ಲಿ, ನಮ್ಮ ಬೆಂಗಳೂರು ಮುಸ್ಲಿಮ್ಸ್.

ಅಂತಿಮ ಪಂದ್ಯದಲ್ಲಿ ಅವರ ಎದುರಿಗೆ ನಿಂತದ್ದು ಯಾರು? ಸಾಕ್ಷಾತ್ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲಕತ್ತೆಯ ಲೀಗನ್ನು ಗೆದ್ದ, ಆ ದಶಕದಲ್ಲಿ ಇಡೀ ದೇಶದಲ್ಲಿ ಸಾಟಿಯಿಲ್ಲವೆನಿಸಿಕೊಂಡ ತಂಡ. ಬೆಂಗಳೂರಿನವರು ಒಂದು ಗೋಲಿನಿಂದ ಗೆದ್ದರು. ಈ ಪಂದ್ಯದ ಹಿಂದೆ ಒಂದು ವಿಪರ್ಯಾಸವೂ ಇದೆ. ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೆ ಬಲಿತದ್ದು ಬಂಗಾಳದ ಹುಡುಗರಿಂದ ಮಾತ್ರವೇ ಅಲ್ಲ. ದೇಶದ ನಾನಾ ಊರುಗಳಿಂದ ಆಟಗಾರರನ್ನು ತಂದು ಕೂಡಿಸಿದ್ದರಿಂದ. ಹಾಗೆ ತಂದವರಲ್ಲಿ ಬೆಂಗಳೂರಿನವರೂ ಇದ್ದರು. ಆ ದಿನಗಳಲ್ಲಿಯೇ ಈಸ್ಟ್ ಬೆಂಗಾಲ್ ಕೂಡ ಬೆಂಗಳೂರಿನಿಂದ ಲಕ್ಷ್ಮೀನಾರಾಯಣ, ಮುರುಗೇಶ್ ಮೊದಲಾದವರನ್ನು ಕರೆಸಿಕೊಂಡಿತ್ತು. ಎಂದರೆ, ತನ್ನ ಆಟಗಾರರನ್ನು ಕಲಕತ್ತೆಗೆ ಕಳುಹಿಸಿಕೊಟ್ಟ ಮೇಲೆಯೂ ಊರಿನಲ್ಲಿ ಉಳಿದವರಿಂದ ಕಲಕತ್ತೆಯ ತಂಡವನ್ನು ಸೋಲಿಸುವಷ್ಟು ಸಂಪತ್ತು ಆಗ ಬೆಂಗಳೂರಿನಲ್ಲಿತ್ತು.

ಮರುವರ್ಷ, 1938ರಲ್ಲಿ, ಕಪ್ಪು ಮತ್ತೆ ಬೆಂಗಳೂರಿಗೆ ಬಂದಿತು. 1940ರಲ್ಲಿ ಅದೇ ಎರಡು ತಂಡಗಳು ಅಂತಿಮ ಪಂದ್ಯದಲ್ಲಿ ಮತ್ತೊಮ್ಮೆ ಎದುರಾದವು. ಈ ಸಲ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದಿತು. ಅದೇ ವರ್ಷ ಅವರು ಡ್ಯುರಾಂಡ್ ಕಪ್ಪನ್ನೂ ಗೆದ್ದುಕೊಂಡರು.

ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಸಲ ರೋವರ್ಸ್ ಗೆದ್ದದ್ದು 1948ರಲ್ಲಿ, ಮೋಹನ್ ಬಾಗಾನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ. ಕೇಳುಗರು ಈ ಇಸವಿಯನ್ನು ಗಮನಿಸಬೇಕು. ದೇಶ ಇಬ್ಭಾಗವಾಗಿ ಒಂದೇ ವರ್ಷವಾಗಿತ್ತು. ಮುಂಬಯಿಯಂಥ ನಗರದಲ್ಲಿ, ಆ ಹೆಸರನ್ನು ಹೊತ್ತ ತಂಡವೊಂದು, ಬಂಗಾಳದ ಮಾನವನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡಿದ್ದ ತಂಡವನ್ನು ಸೋಲಿಸಿ ಕಪ್ಪು ಎತ್ತಿಕೊಂಡು ಊರಿಗೆ ಮರಳಿತು. ರಾಜಕಾರಣದ ಇತಿಹಾಸ ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರರು. ಆ ವರ್ಷದ ಹಿಂದೂಸ್ತಾನ ಹೇಗಿತ್ತೆಂದು ಮೊಮ್ಮಕ್ಕಳು ಕೇಳಿದರೆ ನಾನು ಹೇಳಬಯಸುವ ಸಂಗತಿಗಳಲ್ಲಿ ಇದೂ ಒಂದು.

ಅಂದಿನ ಆಟದ ರೀತಿಯನ್ನೂ ಇಲ್ಲಿ ಸ್ವಲ್ಪ ನೆನೆಯಬೇಕು. ಆಗಿನ ಬಹುಪಾಲು ಭಾರತೀಯ ಆಟಗಾರರು ಬರಿಗಾಲಿನಲ್ಲಿ ಆಡುತ್ತಿದ್ದರು. ಹೆಚ್ಚೆಂದರೆ ಕಣಕಾಲಿಗೆ ಬಟ್ಟೆಯ ಪಟ್ಟಿ. ಬಡತನವೊಂದೇ ಇದಕ್ಕೆ ಕಾರಣವಲ್ಲ. ಒಣ ನೆಲದಲ್ಲಿ ಬರಿಗಾಲಿನವನಿಗೆ ಚೆಂಡಿನ ಸ್ಪರ್ಶ ಬೆರಳುಗಳಿಗೇ ತಿಳಿಯುತ್ತದೆ. ಹೊರಳಿಸುವುದು, ತಟಕ್ಕನೆ ನಿಲ್ಲಿಸುವುದು, ಎದುರಾಳಿಯನ್ನು ತಪ್ಪಿಸಿ ನುಸುಳುವುದು ಅವನಿಗೆ ಸುಲಭ. ಬೂಟಿನವನು ಬಲದಿಂದ ಆಡಿದರೆ ಇವನು ಚತುರತೆಯಿಂದ ಆಡುತ್ತಾನೆ. ಆದರೆ ಮಳೆ ಬಿದ್ದು ನೆಲ ಕೆಸರಾಯಿತೆಂದರೆ ಕಥೆಯೇ ಬೇರೆ. ಚರ್ಮದ ಚೆಂಡು ನೀರು ಕುಡಿದು ಕಲ್ಲಿನಂತಾಗುತ್ತದೆ, ಬರಿಗಾಲು ಜಾರುತ್ತದೆ, ಮೊಳೆ ಬಡಿದ ಬೂಟು ಹಿಡಿದು ನಿಲ್ಲುತ್ತದೆ.

ಈ ಚತುರತೆಯ ಶಿಖರವೆಂದರೆ ಅಹಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಬೆಳೆದವರು. ಚೆಂಡನ್ನು ಪಾದದಲ್ಲಿ ಹಾವಿನಂತೆ ಆಡಿಸುತ್ತಿದ್ದರೆಂದು ಅವರಿಗೆ ಹಾವಾಡಿಗನೆಂಬ ಬಿರುದು ಬಂದಿತ್ತು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ಮೈಸೂರಿನ ಪರವಾಗಿ ಆಡಿದ್ದ ಗೋಲ್‌ಕೀಪರ್ ವರದರಾಜ್, ಮುಂದಾಳು ರಾಮನ್ ಇವರೂ ಜೊತೆಗಿದ್ದರು. ಜುಲೈ 31ರಂದು ಫ್ರಾನ್ಸಿನ ಎದುರು ಭಾರತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಎರಡಕ್ಕೆ ಒಂದು ಗೋಲಿನಿಂದ ಸೋತಿತು. ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊತ್ತಮೊದಲ ಕಾಲ್ಚೆಂಡು ಗೋಲು, ರಾಮನ್ ಅವರದು. ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲು ಹೊಡೆದ ದಿನ ಭಾರತದ ಪರವಾಗಿ ಬಂದ ಏಕೈಕ ಗೋಲು ಅಹಮದ್ ಖಾನ್ ಅವರದು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತೆನ್ನಬಹುದು. ಆಮೇಲೆ ಬೂಟು ಕಡ್ಡಾಯವಾಯಿತು.

ಆದರೆ ಹೆಲ್ಸಿಂಕಿಗೆ ಹೋಗುವ ಹೊತ್ತಿಗೆ ಅಹಮದ್ ಖಾನ್ ಬೆಂಗಳೂರಿನ ತಂಡದವರಾಗಿ ಉಳಿದಿರಲಿಲ್ಲ. 1949ರಲ್ಲಿಯೇ ಅವರು ಈಸ್ಟ್ ಬೆಂಗಾಲ್ ಸೇರಿ ಕಲಕತ್ತೆಗೆ ಹೋಗಿದ್ದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಕೂಡಿ ಪಂಚಪಾಂಡವರೆಂದು ಹೆಸರಾದರು. ಐವರಲ್ಲಿ ಒಬ್ಬರಾದರೂ ಬಂಗಾಳಿಯಲ್ಲ! ಹತ್ತು ವರ್ಷ ಅವರು ಆ ಊರಿನ ಕಣ್ಮಣಿಯಾಗಿದ್ದರು. ಇತ್ತ ಬೆಂಗಳೂರು ಮುಸ್ಲಿಮ್ಸ್ ಹೆಸರು 1948ರ ನಂತರ ರೋವರ್ಸ್ ಗೆದ್ದವರ ಪಟ್ಟಿಯಲ್ಲಿ ಮತ್ತೆ ಕಾಣುವುದಿಲ್ಲ.

ಇದಕ್ಕೆ ಅಹಮದ್ ಖಾನ್ ಅವರನ್ನು ದೂರಲಾದೀತೆ? ಖಂಡಿತ ಇಲ್ಲ. ನನ್ನ ಹಳೆಯ ಪ್ರಶ್ನೆಗೆ ಇಲ್ಲಿಯೇ ಮರಳಬೇಕಾಗುತ್ತದೆ. ನಿಯಮದ ಪ್ರಕಾರ ಆಗಿನ ಭಾರತೀಯ ಕಾಲ್ಚೆಂಡು ಹವ್ಯಾಸಿಗಳ ಆಟ. ಆಡಿದ್ದಕ್ಕೆ ಹಣ ಪಡೆಯಬಾರದು. ಪಡೆದರೆ ಒಲಿಂಪಿಕ್ಸಿನ ಬಾಗಿಲು ಮುಚ್ಚಿತು. ಆದರೆ ವರ್ಷದಲ್ಲಿ ಆರು ತಿಂಗಳು ಬೆಳಗು ಸಂಜೆ ಅಭ್ಯಾಸ ಮಾಡುವ, ವಾರಗಟ್ಟಲೆ ಪರ ಊರಿನಲ್ಲಿ ಪಂದ್ಯವಾಡುವ ಮನುಷ್ಯ ತಿನ್ನುವುದೇನನ್ನು? ಆದ್ದರಿಂದ ನಿಯಮಕ್ಕೂ ಹೊಟ್ಟೆಗೂ ನಡುವೆ ಒಂದು ಅರೆವೃತ್ತಿ ಹುಟ್ಟಿಕೊಂಡಿತು. ಹಣವಂತ ಕ್ಲಬ್ಬುಗಳು ಆಟಗಾರನಿಗೆ ಮೆಸ್ಸಿನಲ್ಲಿ ಊಟ ವಸತಿ ಕೊಟ್ಟು, ಕೈಖರ್ಚಿಗೆಂದು ಇಷ್ಟು ಕೊಟ್ಟು, ತಮ್ಮ ಅಭಿಮಾನಿಗಳಾದ ಸಾಹುಕಾರರ ಮೂಲಕ ಎಲ್ಲಿಯಾದರೂ ಒಂದು ನೌಕರಿ ಹಿಡಿಸಿಕೊಡುತ್ತಿದ್ದವು. ಲಕ್ಷ ಜನ ಪ್ರಾಣ ಬಿಡುವ ಕಲಕತ್ತೆಗೆ ಇದು ಸಾಧ್ಯವಿತ್ತು. ವಂತಿಗೆಯಿಂದ ನಡೆಯುವ ಮೊಹಲ್ಲಾದ ತಂಡಕ್ಕೆ ಎಲ್ಲಿಂದ ಸಾಧ್ಯವಾಗಬೇಕು? ಅದರ ಬಳಿ ಕೊಡಲು ಇದ್ದದ್ದು ಹೆಮ್ಮೆ. ಹದಿನೆಂಟು ವರ್ಷದವನಿಗೆ ಅದು ಸಾಕು, ಮದುವೆಯಾದವನಿಗೆ ಸಾಲದು.

ಎರಡನೆಯ ದಾರಿ ಸರಕಾರದ ಇಲಾಖೆಗಳದು, ಕಾರಖಾನೆಗಳದು. ಹೈದರಾಬಾದಿನ ಸಿಟಿ ಪೋಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಗೆದ್ದಿತು. ಅದರ ಗುಟ್ಟಿನಲ್ಲಿ ಸೈಯದ್ ಅಬ್ದುಲ್ ರಹೀಮರಂಥ ಗುರುವಿನ ಪಾಲು ದೊಡ್ಡದು. ಆದರೆ ಆಟಗಾರರೆಲ್ಲ ಪೋಲೀಸ್ ಖಾತೆಯ ಪಗಾರದವರಾಗಿದ್ದರು ಎಂಬುದನ್ನೂ ಮರೆಯಬಾರದು. ಅವರನ್ನು ಕಲಕತ್ತೆಗೆ ಎಳೆದೊಯ್ಯುವುದು ಅಷ್ಟು ಸುಲಭವಿರಲಿಲ್ಲ. ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ದೊಡ್ಡ ದೊಡ್ಡ ಕಾರಖಾನೆಗಳು ಎದ್ದವು: 1940ರಲ್ಲಿ ಸ್ಥಾಪನೆಯಾಗಿದ್ದ ವಿಮಾನ ಕಾರಖಾನೆ, 1948ರಲ್ಲಿ ದೂರವಾಣಿ ಕಾರಖಾನೆ, ಐವತ್ತರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರಖಾನೆಗೊಂದು ಮೈದಾನ, ಮೈದಾನಕ್ಕೊಂದು ತಂಡ. ದಂಡಿನ ಹುಡುಗ ಈಗ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ರುಜು ಹಾಕಿ, ಮಧ್ಯಾಹ್ನದ ಮೇಲೆ ಬಿಡುವು ಪಡೆದು ಅಭ್ಯಾಸಕ್ಕೆ ಹೋಗುವ ನೌಕರನಾದ. ಕಾಲು ಮುರಿದರೆ ಆಸ್ಪತ್ರೆಯಿತ್ತು, ರಜೆಯಿತ್ತು. ಆಟ ನಿಂತ ಮೇಲೂ ಐವತ್ತೆಂಟರವರೆಗೆ ಮೇಜು ಕುರ್ಚಿಯಿತ್ತು. ನನ್ನ ಸೋದರಮಾವನ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಮ್ಮ ದೇಶ ಬೇರೆಲ್ಲಿಯೂ ಕೊಟ್ಟಂತಿಲ್ಲ. ಇಂಥ ತಂಡಗಳನ್ನು ಸೋಮಾರಿ ಗುಮಾಸ್ತರ ತಂಡಗಳೆಂದು ಹಳಿಯುವುದು ಈಗಿನ ಪದ್ಧತಿ. ನಾನು ಅದನ್ನು ಒಪ್ಪುವವನಲ್ಲ.

ಈ ಏರ್ಪಾಡಿನ ಫಲವೇನೆಂದು ಕೇಳಿದರೆ ಇಸವಿಗಳೇ ಹೇಳುತ್ತವೆ. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲಿಯೂ 1952-53ರಲ್ಲಿಯೂ ಗೆದ್ದಿತ್ತು. ಆಮೇಲೆ 1967-68, 1968-69, ಹೀಗೆ ಎರಡು ವರ್ಷ ಬೆನ್ನು ಬೆನ್ನಿಗೆ ಗೆದ್ದಿತು. 1977ರಲ್ಲಿ ಅಖಿಲ ಭಾರತ ಮಟ್ಟದ ಫೆಡರೇಷನ್ ಕಪ್ಪು ಮೊದಲ ಸಲ ಎರ್ನಾಕುಲಮಿನಲ್ಲಿ ನಡೆದಾಗ ಅದನ್ನು ಗೆದ್ದ ತಂಡ ಕಲಕತ್ತೆಯದಲ್ಲ, ಗೋವೆಯದಲ್ಲ. ಬೆಂಗಳೂರಿನ ದೂರವಾಣಿ ಕಾರಖಾನೆ, ಐ.ಟಿ.ಐ. ಸೋತದ್ದು ಮೋಹನ್ ಬಾಗಾನ್. ಅದೇ ವರ್ಷದ ಸೆಪ್ಟೆಂಬರ್ 24ರಂದು ಇದೇ ಮೋಹನ್ ಬಾಗಾನ್ ಈಡನ್ ಗಾರ್ಡನ್ಸಿನಲ್ಲಿ ಪೆಲೆ ಆಡುತ್ತಿದ್ದ ನ್ಯೂಯಾರ್ಕಿನ ಕಾಸ್ಮಾಸ್ ತಂಡದೊಡನೆ ಎರಡು ಎರಡು ಗೋಲುಗಳ ಸಮಬಲ ಸಾಧಿಸಿತು. ಆ ಪಂದ್ಯವನ್ನು ಇಂದಿಗೂ ದೇಶವೆಲ್ಲ ನೆನೆಯುತ್ತದೆ. ನಮ್ಮ ಮನೆಗಳಲ್ಲಿ ಮೂಲೆಯ ಮೇಜಿನ ಮೇಲೆ ಕುಳಿತಿರುತ್ತಿದ್ದ, ಬೆರಳಿಟ್ಟು ತಿರುಗಿಸುವ ಕರಿಯ ಫೋನನ್ನು ತಯಾರಿಸುತ್ತಿದ್ದ ಕಾರಖಾನೆಯ ನೌಕರರು ಅದೇ ತಂಡವನ್ನು ಸೋಲಿಸಿದ್ದರೆಂಬುದು ಯಾರ ನೆನಪಿನಲ್ಲಿಯೂ ಇಲ್ಲ.

ಇಷ್ಟಾಗಿಯೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕಾರಖಾನೆಗಳು ಆಟಗಾರನಿಗೆ ಅನ್ನ ಕೊಟ್ಟವು; ತಂಡಕ್ಕೆ ಊರನ್ನು ಕೊಡಲಾರದೆ ಹೋದವು. ಮೊಹಲ್ಲಾದ ತಂಡ ಸೋತರೆ ಮೊಹಲ್ಲಾದಲ್ಲಿ ಅಂದು ಒಲೆ ಹತ್ತುತ್ತಿರಲಿಲ್ಲವೆನ್ನುತ್ತಾರೆ. ಕಾರಖಾನೆಯ ತಂಡ ಸೋತರೆ ಮರುದಿನ ಯಂತ್ರಗಳು ಎಂದಿನಂತೆ ಓಡುತ್ತವೆ. ಹಾಗಾಗಿ ಕಾರಖಾನೆ ಬಡವಾದಾಗ ತಂಡಕ್ಕಾಗಿ ಅಳುವವರು ಇರಲಿಲ್ಲ. ತೊಂಬತ್ತರ ದಶಕದಲ್ಲಿ ದೂರಸಂಪರ್ಕದ ಬಾಗಿಲು ಖಾಸಗಿಯವರಿಗೂ ಹೊರದೇಶದವರಿಗೂ ತೆರೆಯಿತು. ದೂರವಾಣಿ ಕಾರಖಾನೆ ನಷ್ಟಕ್ಕೆ ಬಿದ್ದಿತು. ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದು ನಿಂತರೆ ತಂಡ ಮುದಿಯಾಗುತ್ತದೆ. ಅದನ್ನು ಬೇರೆ ಯಾರೂ ಕೊಲ್ಲಬೇಕಾಗಿಲ್ಲ. ವಿಮಾನ ಕಾರಖಾನೆಯ ತಂಡ ಸ್ವಲ್ಪ ಹೆಚ್ಚು ಕಾಲ ಬಾಳಿ, 2010ರಿಂದ 2012ರವರೆಗೆ ದೇಶದ ಅತ್ಯುಚ್ಚ ಲೀಗಿನಲ್ಲಿ ಆಡಿ ಕೆಳಗಿಳಿಯಿತು. ರೋವರ್ಸ್ ಕಪ್ಪು 2000-01ರ ಬಳಿಕ ನಡೆಯಲೇ ಇಲ್ಲ. ಬೆಂಗಳೂರು ಮುಸ್ಲಿಮ್ಸ್ ಮೂರು ಸಲ ಗೆದ್ದ ಕಪ್ಪಿಗೇ ಈ ಗತಿಯಾದ ಮೇಲೆ, ಗೆದ್ದವರನ್ನು ನೆನೆಯುವವರು ಎಲ್ಲಿಂದ ಬರಬೇಕು?

ಮೂರನೆಯ ಬಗೆಯ ತಂಡ ಈಗಿನದು. 2013ರಲ್ಲಿ ಒಂದು ಉಕ್ಕಿನ ಉದ್ಯಮದವರು ಬೆಂಗಳೂರು ಎಫ್.ಸಿ. ಎಂಬ ತಂಡವನ್ನು ಕಟ್ಟಿದರು. ಅಶೋಕನಗರದ ಕಾಲ್ಚೆಂಡು ಕ್ರೀಡಾಂಗಣದಲ್ಲಿ ಆಡತೊಡಗಿದ ಆ ತಂಡ ತನ್ನ ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು. ಆಟಗಾರರಿಗೆ ಕರಾರುಪತ್ರವಿದೆ, ವೈದ್ಯರಿದ್ದಾರೆ, ಕೈತುಂಬ ಹಣವಿದೆ. ಇದು ಒಳ್ಳೆಯದೇ. ನಿಯಮವನ್ನು ವಂಚಿಸಿ ಬದುಕಬೇಕಾಗಿದ್ದ ಹಳೆಯ ಆಟಗಾರನಿಗಿಂತ ಇಂದಿನವನು ತಲೆಯೆತ್ತಿ ನಡೆಯಬಹುದು. ಆದರೆ ಕರಾರು ಎರಡು ವರ್ಷದ್ದು, ಮೂರು ವರ್ಷದ್ದು. ಮೂವತ್ತೈದರ ನಂತರದ ಮೇಜು ಕುರ್ಚಿ ಅದರಲ್ಲಿಲ್ಲ.

2023ರ ಮಾರ್ಚ್ 4ರಂದು ಕರ್ನಾಟಕ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ಬಳಿಕ ಮತ್ತೆ ಗೆದ್ದಿತು. ಪಂದ್ಯ ನಡೆದದ್ದು ಸೌದಿ ಅರೇಬಿಯದ ರಿಯಾದಿನಲ್ಲಿ, ಎದುರಾಳಿ ಮೇಘಾಲಯ, ಮೂರಕ್ಕೆ ಎರಡು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್. ಈ ಹೆಸರುಗಳನ್ನು ಓದಿದಾಗ ನನಗೆ ಕಲಕತ್ತೆಯ ಪಂಚಪಾಂಡವರು ನೆನಪಾದರು. ಒಂದು ಕಾಲಕ್ಕೆ ನಮ್ಮ ಹುಡುಗರು ಅನ್ನ ಅರಸಿ ಬಂಗಾಳಕ್ಕೆ ಹೋಗಿ ಅವರ ಊರಿನ ಹೆಮ್ಮೆಯಾದರು. ಈಗ ದೂರದ ಊರುಗಳ ಹುಡುಗರು ಬೆಂಗಳೂರಿಗೆ ಬಂದು ನಮಗೆ ಕಪ್ಪು ತಂದುಕೊಡುತ್ತಾರೆ.

ಅಹಮದ್ ಖಾನ್ ಆಟ ಮುಗಿಸಿದ ಮೇಲೆ ಹುಟ್ಟೂರಿಗೆ ಮರಳಿದ್ದರು. 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು. ಕಲಕತ್ತೆಯ ಪತ್ರಿಕೆಗಳಿಗೆ ಅದು ಮನೆಯ ಹಿರಿಯನೊಬ್ಬನ ಸಾವಾಗಿತ್ತು. ನಾನು ಅಂದು ನಮ್ಮ ಕಡೆಗೆ ಬರುವ ಕನ್ನಡ ಪತ್ರಿಕೆಯನ್ನು ಹಿಂದುಮುಂದು ತಿರುವಿ ಹಾಕಿದೆ. ನನ್ನ ಕಣ್ಣಿಗೆ ಬಿದ್ದದ್ದು ಕ್ರಿಕೆಟ್ಟಿನ ಸುದ್ದಿ.

ಕೊಲ್ಲಾಪುರದ ಸುದ್ದಿಯನ್ನು ಕೇಳಿದರೆ, ತಾಲೀಮುಗಳು ಇನ್ನೂ ಆಡುತ್ತಿವೆ. ಅಲ್ಲಿಯೂ ಕಾಲ ಸುಮ್ಮನೆ ನಿಂತಿಲ್ಲ. ಗೆಲ್ಲಲೇಬೇಕೆಂಬ ಛಲದಲ್ಲಿ ಪೇಟೆಗಳು ಹೊರ ಊರಿನವರನ್ನು, ಆಫ್ರಿಕದ ಆಟಗಾರರನ್ನು ಕೂಡ ಹಣ ಕೊಟ್ಟು ಕರೆತಂದು ಆಡಿಸಿವೆ. ಹಾಗೆಯೇ ಆ ಊರಿನ ಅನಿಕೇತ ಜಾಧವ ಎಂಬ ಹುಡುಗ ಪುಣೆಯ ಬಾಲೇವಾಡಿಯ ಕ್ರೀಡಾಶಾಲೆಗೆ ಹೋಗಿ ಕಲಿತು, 2017ರಲ್ಲಿ ನಮ್ಮ ದೇಶದಲ್ಲಿಯೇ ನಡೆದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಪರವಾಗಿ ಆಡಿದ. ಮಾವ ಈಗ ಇಲ್ಲ. ಕಳೆದ ಸಲ ಹೋದಾಗ ನಾನೊಬ್ಬನೇ ಶಾಹೂ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕುಳಿತು ಪಂದ್ಯ ನೋಡಿದೆ. ನನ್ನ ಪಕ್ಕದಲ್ಲಿ ಒಬ್ಬ ಮುದುಕರು, ಬಲಗಾಲನ್ನು ನೀಡಿಕೊಂಡು, ಕೋಲನ್ನು ಮಗ್ಗುಲಿಗಿಟ್ಟು ಕುಳಿತಿದ್ದರು. ಹಿಂದೆ ಇದೇ ಮೈದಾನದಲ್ಲಿ ಆಡಿದವರಂತೆ. ಮೊಣಕಾಲು ಹೋದ ಮೇಲೆ ಚಹದಂಗಡಿ ಇಟ್ಟರಂತೆ. ಅಂಗಡಿಗೆ ಜಾಗ ಕೊಟ್ಟವರು ಯಾರೆಂದು ಕೇಳಿದೆ. ಅವರು ಮೈದಾನದಿಂದ ಕಣ್ಣು ತೆಗೆಯದೆ, ಕೋಲಿನ ತುದಿಯಿಂದ ತಮ್ಮ ಪೇಟೆಯ ಬಾವುಟವನ್ನು ತೋರಿಸಿದರು.